ಹಾರ್ಮೋನ್ ಮಾತ್ರೆಯಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತು, ಕೇಸ್ ಹಾಕಬಹುದಾ?

ಡೊಂಬಿವಲಿಯ ಧಾರವಾಡದಾಕೆ

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಒಂಬತ್ತು ವರ್ಷ ಆಯಿತು, ಕೆಲಸ ಘಾಟ್ಕೋಪರ್‌ನಲ್ಲಿ. ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇತ್ತು, ಮುಟ್ಟು ಎರಡೆರಡು ತಿಂಗಳು ಆಗುತ್ತಿರಲಿಲ್ಲ. ಇಲ್ಲಿನ ಒಬ್ಬ ಲೇಡಿ ಡಾಕ್ಟರು ಮೂರು ತಿಂಗಳಿಗೆ ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ಅದು ಗರ್ಭನಿರೋಧಕ ಮಾತ್ರೆ ಅಂತ ನನಗೆ ಗೊತ್ತಾಗಿದ್ದೇ ಆಸ್ಪತ್ರೆ ಸೇರಿದ ಮೇಲೆ. ಬಿಪಿ ನೋಡಲಿಲ್ಲ. ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತಾ ಅಂತ ಕೇಳಲೂ ಇಲ್ಲ. ತಂಗಿ ಹುಟ್ಟಿದಾಗ ನಮ್ಮವ್ವನಿಗೆ ಕಾಲಿನಲ್ಲಿ ಹೆಪ್ಪುಗಟ್ಟಿತ್ತು. ಕೇಳಿದ್ದರೆ ಹೇಳುತ್ತಿದ್ದೆ.

ಎಡಗಾಲಿನ ಮೀನಖಂಡ ನೋಯತೊಡಗಿತು. ಲೋಕಲ್ ಟ್ರೇನಿನಲ್ಲಿ ನಿಂತೂ ನಿಂತೂ ಹೀಗಾಗಿದೆ ಅಂದುಕೊಂಡು ಮುಲಾಮು ತಿಕ್ಕಿದೆ. ನಾಲ್ಕನೇ ದಿನ ಚಪ್ಪಲಿಯೊಳಗೆ ಕಾಲು ಹೋಗಲಿಲ್ಲ. ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮಾಡಿಸಿದರೆ ಡಿವಿಟಿ, ಅಂದರೆ ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪು. ಆರು ದಿನ ಆಸ್ಪತ್ರೆ, 1,43,000 ರೂಪಾಯಿ ಬಿಲ್, ಆಮೇಲೆ ಆರು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ. ಸಂಜೆಯಾದರೆ ಕಾಲು ಈಗಲೂ ಊದುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಗರ್ಭನಿರೋಧಕ ಮಾತ್ರೆಯಿಂದ?’ ಅಂತ ಬರೆದು ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಇಟ್ಟಿದ್ದಾರೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನ್ಯೂಜೆರ್ಸಿಯಲ್ಲಿರುವ ಕಸಿನ್, ಅಮೆರಿಕದಲ್ಲಿ ಇಂಥ ಮಾತ್ರೆಗೆ ಕೋಟಿಗಟ್ಟಲೆ ಪರಿಹಾರ ಸಿಕ್ಕಿದೆ, ನೀನೂ ಸೇರಿಕೋ ಅನ್ನುತ್ತಾಳೆ. ನನ್ನ ಮಾತ್ರೆ ಇಲ್ಲಿನದೇ ಬೇರೆ ಕಂಪನಿಯದು. ಇದೆಲ್ಲ ಆಗಿದ್ದು ಗಣಪತಿ ಕೂರಿಸುವ ಹಿಂದಿನ ವಾರ, ಬರುವ ಗಣಪತಿಗೆ ಎರಡು ವರ್ಷ. ನಾನು ಏನು ಮಾಡಬಹುದು?

ಮುಲುಂಡ್ ವಕೀಲ

ತಂಗೀ, ಮೊದಲು ತಾರೀಖು. ಗ್ರಾಹಕ ರಕ್ಷಣಾ ಕಾಯ್ದೆ 2019, ಸೆಕ್ಷನ್ 69 ಪ್ರಕಾರ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಬೇಕು. ತಡವಾದರೆ ಕಾರಣ ತೋರಿಸಿ ಕ್ಷಮೆ ಕೇಳಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ಡಾಪ್ಲರ್ ರಿಪೋರ್ಟಿನ ತಾರೀಖಿನಿಂದ ಲೆಕ್ಕ ಹಿಡಿಯಿರಿ. ಗಣಪತಿ ಹಬ್ಬ ಹಿಂದೆ ಮುಂದೆ ಹೋಗುತ್ತದೆ, ಕಾಯ್ದೆ ಹೋಗುವುದಿಲ್ಲ.

ಅಮೆರಿಕದ ವಿಷಯ ಬಿಡಿ. ಅಲ್ಲಿ ಬೇಯರ್ ಕಂಪನಿ ಯಾಜ್, ಯಾಸ್ಮಿನ್ ಮಾತ್ರೆಗಳ ಸಾವಿರಾರು ದಾವೆಗಳನ್ನು 150 ಕೋಟಿ ಡಾಲರಿಗೂ ಜಾಸ್ತಿ ಕೊಟ್ಟು ರಾಜಿ ಮಾಡಿಕೊಂಡಿದ್ದು ನಿಜ, ತಪ್ಪು ಒಪ್ಪಿಕೊಳ್ಳದೆ. ಇಲ್ಲಿ ಮಾಡಿದ ಮಾತ್ರೆಯನ್ನು ಇಲ್ಲೇ ಕೊಂಡು ನುಂಗಿದವರಿಗೆ ಅಲ್ಲಿ ಬಾಗಿಲಿಲ್ಲ.

ಇಲ್ಲಿ ಕಂಪನಿ ಮೇಲೆ ಹೋಗಬಹುದು. ಅದೇ ಗ್ರಾಹಕ ಕಾಯ್ದೆಯ ಸೆಕ್ಷನ್ 84ರಲ್ಲಿ ಸರಿಯಾದ ಸೂಚನೆ, ಎಚ್ಚರಿಕೆ ಕೊಡದ ತಯಾರಕರ ಹೊಣೆ ಇದೆ. ಆದರೆ ಸೆಕ್ಷನ್ 87 ಓದಿ. ತಜ್ಞರ (ಇಲ್ಲಿ ಡಾಕ್ಟರ) ಮೂಲಕವೇ ಬಳಸಬೇಕಾದ ವಸ್ತುವಾದರೆ, ತಜ್ಞರಿಗೆ ಎಚ್ಚರಿಕೆ ತಲುಪಿಸಿದರೆ ಕಂಪನಿ ಪಾರು. ಪೆಟ್ಟಿಗೆಯೊಳಗಿನ ಮಡಚಿದ ಕಾಗದದಲ್ಲಿ ಹೆಪ್ಪಿನ ಅಪಾಯ ಅಚ್ಚಾಗಿದ್ದರೆ ಅವರು ಅದನ್ನೇ ಕೋರ್ಟಿನಲ್ಲಿ ಬಿಚ್ಚಿ ತೋರಿಸುತ್ತಾರೆ.

ಹಾಗಾಗಿ ನಿಮ್ಮ ಕೇಸ್ ಇರುವುದು ಕೇಳದೇ ಉಳಿದ ಆ ಪ್ರಶ್ನೆಯಲ್ಲಿ. ಸೈಡ್ ಎಫೆಕ್ಟ್ ಆಯಿತು ಅನ್ನುವುದಷ್ಟೇ ತಪ್ಪಲ್ಲ. ಸಮೀರಾ ಕೊಹ್ಲಿ ಕೇಸಿನಲ್ಲಿ (2008) ಸುಪ್ರೀಂ ಕೋರ್ಟ್, ರೋಗಿಗೆ ಮುಖ್ಯ ಅಪಾಯಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಅಂದಿದೆ. ತೀರಾ ದೂರದ ಅಪಾಯ ಹೇಳಬೇಕಿಲ್ಲ ಅಂತಲೂ ಅಂದಿದೆ. ಡಾಕ್ಟರ ಕಡೆಯವರು ಆ ಎರಡನೇ ಸಾಲನ್ನೇ ಹಿಡಿಯುತ್ತಾರೆ. ನಿಮ್ಮ ಉತ್ತರ ನಿಮ್ಮ ಅವ್ವ. ಅವರ ಹಳೆಯ ಕಾಗದ ಧಾರವಾಡದಲ್ಲಿ ಎಲ್ಲಾದರೂ ಇದೆಯಾ?

ವಾಸ್ಕೋದ ಒಬ್ಬ

ನನ್ನ ಹೆಂಡತಿ ಆರು ವರ್ಷ ಇಂಥ ಮಾತ್ರೆ ತಗೊಂಡಳು, ಏನೂ ಆಗಲಿಲ್ಲ. ಸುಮ್ನೆ ಡಾಕ್ಟರ ಮೇಲೆ ಕೇಸ್ ಹಾಕಿದರೆ ನಾಳೆ ಯಾರೂ ಔಷಧಿ ಬರೆಯಲ್ಲ.

ಪುಣೆ ಫಾರ್ಮಸಿಸ್ಟ್

ವಾಸ್ಕೋ ಸರ್, ಹೆಚ್ಚಿನವರಿಗೆ ಏನೂ ಆಗಲ್ಲ, ಸರಿಯೇ. ಯುರೋಪಿನ ಔಷಧಿ ಸಂಸ್ಥೆಯ ಲೆಕ್ಕದಲ್ಲಿ ಮಾತ್ರೆ ತಗೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಹೆಪ್ಪುಗಟ್ಟುತ್ತದೆ. ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್ ಇರುವ ಮಾತ್ರೆಯಲ್ಲಿ 5ರಿಂದ 7, ಡ್ರೋಸ್ಪಿರೆನೋನ್ ಅನ್ನುವ ಇನ್ನೊಂದು ಹಾರ್ಮೋನ್ ಇದ್ದರೆ 9ರಿಂದ 12. ಅಪಾಯ ಮೊದಲ ವರ್ಷದಲ್ಲೇ ಜಾಸ್ತಿ. ಬಸುರಿ, ಬಾಣಂತಿಯರಲ್ಲಿ ಇದಕ್ಕಿಂತ ಹೆಚ್ಚು, ಆದ್ದರಿಂದ ಮಾತ್ರೆಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಯಾರಿಗೆ ಯಾವುದು ಅಂತ ನೋಡಿ ಕೊಡಲಿಕ್ಕೇ ತಾನೇ ಆ ಪ್ರಶ್ನೆಗಳಿರುವುದು?

ಅಕ್ಕಾ, 1800-180-3024ಕ್ಕೆ ಫೋನ್ ಮಾಡಿ. ಔಷಧಿಯ ದುಷ್ಪರಿಣಾಮ ದಾಖಲಿಸುವ ಸರ್ಕಾರದ ಲೈನ್ ಅದು, ರೋಗಿಯೇ ವರದಿ ಕೊಡಬಹುದು. ಅದರಿಂದ ಪರಿಹಾರದ ದುಡ್ಡು ಬರಲ್ಲ. ಇನ್ನೊಂದು ಕೇಳಲಾ? ಮೂರು ತಿಂಗಳಿಗೆ ಬರೆದದ್ದು ಅಂದಿರಿ. ಎಷ್ಟು ತಿಂಗಳು ತಗೊಂಡಿರಿ?

ಡೊಂಬಿವಲಿಯ ಧಾರವಾಡದಾಕೆ

ಐದು. ಮುಟ್ಟು ಸರಿಯಾಗಿತ್ತು, ಮುಖದ ಮೊಡವೆಯೂ ಹೋಗಿತ್ತು. ಖಾಲಿ ಸ್ಟ್ರಿಪ್ ತೋರಿಸಿದರೆ ಮೆಡಿಕಲ್‌ನವನು ಕೊಟ್ಟ. ಇದನ್ನು ಬರೆಯಲು ನಾಚಿಕೆಯಾಗಿ ಬಿಟ್ಟಿದ್ದೆ. ಕೇಸ್ ಮುಗಿದ ಹಾಗೇನಾ?

ಮುಲುಂಡ್ ವಕೀಲ

ಮುಗಿಯಲಿಲ್ಲ, ಬಡಕಲಾಯಿತು. ದೂರಿನಲ್ಲಿ ನೀವೇ ಮೊದಲು ಬರೆಯಿರಿ. ಅವರ ವಕೀಲರು ಹೊರತೆಗೆದರೆ ಉಳಿದ ಮಾತೂ ಸುಳ್ಳಿನಂತೆ ಕಾಣುತ್ತದೆ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಮಾರುವಂತಿಲ್ಲ, ಅಂಗಡಿಯವನನ್ನೂ ಎದುರುದಾರ ಮಾಡಬಹುದು.

ನಾಳೆಯೇ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು ಪೂರ್ತಿ ಕೇಸ್ ಪೇಪರ್ ಕೇಳಿ. ಡಾಕ್ಟರಿಗೂ ಹಾಗೇ. 72 ಗಂಟೆಯೊಳಗೆ ಕೊಡಬೇಕು ಅಂತ ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮ ಇದೆ. ಅರ್ಜಿಯ ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ನಿಮಗೆ ಚಿಕಿತ್ಸೆ ಕೊಟ್ಟ ಡಾಕ್ಟರ ಹತ್ತಿರ ಆ ಪ್ರಶ್ನೆ ಚಿಹ್ನೆಯ ಬಗ್ಗೆ ಒಂದು ಪತ್ರ ಬರೆಸಿಕೊಳ್ಳಿ. ಕೊಟ್ಟರೆ ಅರ್ಧ ಕೆಲಸ ಆದಂತೆ.

ನೀವಿರುವ ಜಿಲ್ಲೆಯಲ್ಲೇ, ಅಂದರೆ ಥಾಣೆ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಡಾಕ್ಟರಿಗೆ, ಮಾತ್ರೆಗೆ ಅಂತ ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಗೆ ದುಡ್ಡು ಹೊಂದಿಸಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ, ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಇದೆ. ಇದು ಗೊತ್ತಿಲ್ಲದೆ ಬಳೆ ಅಡ ಇಟ್ಟವರನ್ನು ನೋಡಿದ್ದೇನೆ.

ಡೊಂಬಿವಲಿಯ ಧಾರವಾಡದಾಕೆ

ಆಸ್ಪತ್ರೆಯಲ್ಲಿ ಅರ್ಜಿ ಕೊಟ್ಟು ಬಂದೆ. ಸೀಲ್ ಹಾಕಲ್ಲ ಅಂದರು, ಕೌಂಟರ್ ಬಿಟ್ಟು ಕದಲಲಿಲ್ಲ, ಹಾಕಿದರು. ಮೆಡಿಕಲ್‌ನವನು ಬಿಲ್ ಕೊಟ್ಟಿರಲಿಲ್ಲ, ಆದರೆ ಫೋನಿನಲ್ಲಿ ಎರಡು ಸಲ ಯುಪಿಐ ಮಾಡಿದ್ದು ಸಿಕ್ಕಿತು. ಅವ್ವ ಟ್ರಂಕ್ ತೆಗೆದು ಹುಡುಕುತ್ತಿದ್ದಾಳೆ. ತಂಗಿ ಹುಟ್ಟಿದ್ದು 1996ರಲ್ಲಿ, ಕಾಗದ ಸಿಗುತ್ತಾ ನೋಡಬೇಕು.