ಯುದ್ಧದ ಸಿನಿಮಾ ಮತ್ತು ಏನೂ ಅನಿಸದ ಮನಸ್ಸು: ಮನೋವೈದ್ಯರಿಗೆ ನಿಮ್ಮ ಪ್ರಶ್ನೆಗಳು

ಸದಸ್ಯ, ಹಾಸನ: ನಮಸ್ಕಾರ ಮೇಡಂ. ಯುದ್ಧದ ಸಿನಿಮಾ ಜಾಸ್ತಿ ನೋಡಿದರೆ ಪಿಟಿಎಸ್‌ಡಿ ಬರುತ್ತಾ?

ಡಾಕ್ಟರ್: ನಮಸ್ಕಾರ. ಪಿಟಿಎಸ್‌ಡಿ ಅಂದರೆ ದೊಡ್ಡ ಆಘಾತ ಆದ ಮೇಲೆ ಕಾಡುವ ಮನಸ್ಸಿನ ಕಾಯಿಲೆ. ಮನರಂಜನೆಗೆ ನೋಡಿದ ಸಿನಿಮಾದಿಂದಲೇ ಅದು ಬಂತು ಅಂತ ನಾವು ಹೇಳುವುದಿಲ್ಲ. ನಾಲ್ಕು ದಿನ ನಿದ್ದೆ ಕೆಡಬಹುದು. ಆದರೆ ಮೊದಲೇ ಗಾಯವಾದ ಮನಸ್ಸನ್ನು ಸಿನಿಮಾ ಕೆದಕುತ್ತದೆ. 1998ರಲ್ಲಿ ‘ಸೇವಿಂಗ್ ಪ್ರೈವೇಟ್ ರಯಾನ್’ ಬಂದಾಗ ಅಮೆರಿಕದಲ್ಲಿ ಹಳೆಯ ಸೈನಿಕರಿಗಾಗಿ ಸಹಾಯವಾಣಿ ಇಡಬೇಕಾಯಿತು.

ಸದಸ್ಯೆ, ಮಡಿಕೇರಿ: ಮೇಡಂ, ನಮ್ಮ ಅಪ್ಪ 1987ರಲ್ಲಿ ಭಾರತದ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾದ ಜಾಫ್ನಾಕ್ಕೆ ಹೋಗಿದ್ದವರು. ರಾತ್ರಿ ಊಟ ಆದ ಮೇಲೆ ದಿನಾ ಒಂದು ಯುದ್ಧದ ಸಿನಿಮಾ ಹಾಕ್ತಾರೆ. ಸೌಂಡ್ ಪೂರ್ತಿ ಆಫ್. ರಿಮೋಟಿನ ಮ್ಯೂಟ್ ಬಟನ್ ಮೇಲಿನ ಗುರುತೇ ಸವೆದುಹೋಗಿದೆ. ಮುಖದಲ್ಲಿ ಏನೂ ಇರಲ್ಲ. ಕೇಳಿದರೆ "ಯಾರದೋ ಕತೆ ನೋಡಿದ ಹಾಗಿದೆ ಮಗಾ" ಅಂತಾರೆ. ಹೋದ ತಿಂಗಳು ಸೋದರತ್ತೆ ತೀರಿಕೊಂಡರು. ತಂಗಿಯನ್ನು ಮಣ್ಣು ಮಾಡಿ ಬಂದ ಸಂಜೆಯೂ ಅದೇ ಮಾತು. ನನಗೆ ಭಯ ಆಯ್ತು.

ಸದಸ್ಯ, ತುಮಕೂರು: (ಫಾರ್ವರ್ಡ್) ಬ್ರಾಹ್ಮಿ ರಸಕ್ಕೆ ಜೇನುತುಪ್ಪ ಬೆರೆಸಿ 21 ದಿನ ಕುಡಿದರೆ ಕೆಟ್ಟ ನೆನಪು ಅಳಿಸಿಹೋಗುತ್ತೆ. ಎಲ್ಲರಿಗೂ ಹಂಚಿ.

ಡಾಕ್ಟರ್: ಹಂಚಬೇಡಿ. ನೆನಪು ಅಳಿಸುವ ರಸ ಯಾವುದೂ ಇಲ್ಲ.

ಮಡಿಕೇರಿಯವರಿಗೆ: ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ದಿನಾ ಸಿನಿಮಾ ನೋಡುವುದು ನನ್ನ ಚಿಂತೆಯಲ್ಲ. ತಂಗಿ ಹೋದಾಗಲೂ "ಯಾರದೋ ಕತೆ" ಅಂದರಲ್ಲ, ಅದು ಚಿಂತೆ.

ಬೇಜಾರು ಮರೆಯೋಕೆ ಸಿನಿಮಾದೊಳಗೆ ಹೋದವರು ಮುಗಿದ ಮೇಲೆ ಎದ್ದು ಬರ್ತಾರೆ. ಇದು ಹಾಗಲ್ಲ. ಪ್ರಾಣಕ್ಕೆ ಬಂದಾಗ ಮನಸ್ಸು ತಾನಾಗಿ ಹಿಂದೆ ಸರಿದು ನಿಲ್ಲುತ್ತದೆ. ಆಗುತ್ತಿರುವುದು ನನಗಲ್ಲ, ಬೇರೆ ಯಾರಿಗೋ ಅನಿಸುತ್ತದೆ. ಕೈ ಕೆಲಸ ಮಾಡುತ್ತಿರುತ್ತದೆ, ಎದೆಗೆ ಏನೂ ತಾಗುವುದಿಲ್ಲ. ಇದಕ್ಕೆ ಡಿಸೋಸಿಯೇಶನ್ ಅಂತೀವಿ. ಆ ಹೊತ್ತಿಗೆ ಅದೇ ಅವರನ್ನು ಕಾಪಾಡಿರುತ್ತದೆ. ಕೆಲವರಿಗೆ ಊರಿಗೆ ಬಂದ ಮೇಲೂ ಅದು ಬಿಡುವುದಿಲ್ಲ.

ಇಸ್ರೇಲಿನ ಆರಿ ಫೋಲ್ಮನ್ 1982ರ ಲೆಬನಾನ್ ಯುದ್ಧದಲ್ಲಿದ್ದ ಸೈನಿಕ. ಮುಂದೆ ಆ ದಿನಗಳು ಅವರಿಗೆ ನೆನಪೇ ಇರಲಿಲ್ಲ. ಅದನ್ನು ಹುಡುಕುತ್ತಾ ಹೋಗಿ 2008ರಲ್ಲಿ ‘ವಾಲ್ಟ್ಸ್ ವಿತ್ ಬಶೀರ್’ ಅನ್ನುವ ಅನಿಮೇಶನ್ ಸಿನಿಮಾ ಮಾಡಿದರು. ಅದರಲ್ಲಿ ಮನಶ್ಶಾಸ್ತ್ರಜ್ಞೆಯೊಬ್ಬರು ಫೋಟೋ ಹುಚ್ಚಿನ ಹುಡುಗನೊಬ್ಬನ ಕತೆ ಹೇಳುತ್ತಾರೆ. ಕಣ್ಣ ಮುಂದೆ ಒಂದು ಕ್ಯಾಮೆರಾ ಇದೆ ಅಂದುಕೊಂಡೇ ಅವನು ಯುದ್ಧ ನೋಡುತ್ತಿದ್ದ. ಗುಂಡು, ಕೂಗು, ಗಾಯಾಳುಗಳು, ಎಲ್ಲವೂ ಅವನಿಗೆ ಒಳ್ಳೆಯ ದೃಶ್ಯ. ಬೈರೂತಿನ ಕುದುರೆ ಲಾಯದಲ್ಲಿ ಸತ್ತ, ಸಾಯುತ್ತಿದ್ದ ಅರಬ್ಬೀ ಕುದುರೆಗಳನ್ನು ಕಂಡ ದಿನ ಆ ಕ್ಯಾಮೆರಾ ಒಡೆದುಹೋಯಿತು. ಆಮೇಲೆ ಅವನಿಂದ ತಡೆದುಕೊಳ್ಳಲು ಆಗಲಿಲ್ಲ.

ನಿಮ್ಮ ಅಪ್ಪನಿಗೆ ಆ ಮ್ಯೂಟ್ ಬಟನ್ ಅಂಥದ್ದೇ ಇರಬಹುದು. ಅವರನ್ನು ನೋಡದೆ ಇಷ್ಟಕ್ಕಿಂತ ಹೇಳಲಾರೆ. ರಿಮೋಟ್ ಕಿತ್ತುಕೊಳ್ಳಬೇಡಿ. "ಅಲ್ಲಿ ಏನಾಯ್ತು ಹೇಳಿ" ಅಂತ ಒತ್ತಾಯ ಬೇಡ. ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ. ಎಲ್ಲೋ ಹೋಗಿಬಿಟ್ಟ ಹಾಗೆ ಕಂಡರೆ ಎದುರಿನಿಂದ ಮೆತ್ತಗೆ ಕರೆಯಿರಿ, ಬೆಚ್ಚಗಿನ ಕಾಫಿ ಲೋಟ ಕೈಗೆ ಕೊಡಿ. ಹಿಂದಿನಿಂದ ಬಂದು ಮುಟ್ಟಬೇಡಿ.

ಇನ್ನು ನನಗೆ ಹೇಳಿ. ನಿದ್ದೆ ಹೇಗಿದೆ? ಎಷ್ಟು ಕುಡಿಯುತ್ತಾರೆ? ಮನೆಯಲ್ಲಿ ಕೋವಿ ಇದೆಯಾ? ಇದ್ದರೆ ಇವತ್ತೇ ಬೀಗ ಹಾಕಿ, ಕೀ ನಿಮ್ಮ ಹತ್ತಿರ ಇರಲಿ. ಸಾಯುವ ಮಾತು ಬಂದರೆ ಕಾಯಬೇಡಿ, ನೇರ ಆಸ್ಪತ್ರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು.

ಸದಸ್ಯ, ಬೆಳಗಾವಿ: ನಾನು 22 ವರ್ಷ ಸರ್ವಿಸ್ ಮಾಡಿದವನು. ಸೈನಿಕನಿಗೆ ಏನೂ ಅನಿಸಬಾರದು ಅಂತಲೇ ಟ್ರೇನಿಂಗ್ ಕೊಡೋದು. ಅದನ್ನು ಕಾಯಿಲೆ ಮಾಡಬೇಡಿ.

ಸದಸ್ಯೆ, ಶಿವಮೊಗ್ಗ: ಡ್ಯೂಟಿಯಲ್ಲಿ ಸರಿ ಸರ್. ಒಡಹುಟ್ಟಿದವಳ ಮಣ್ಣಿನ ದಿನಾನೂ ಹಾಗೇ ಇರಬೇಕಾ?

ಸದಸ್ಯ, ಬೆಂಗಳೂರು: ಆ ಸಿನಿಮಾ ಪೂರ್ತಿ ಸೈನಿಕನ ಮರೆವಿನ ಗೋಳು. ಆ ಯುದ್ಧದಲ್ಲಿ ಬೈರೂತಿನ ಸಬ್ರಾ, ಶತೀಲಾ ನಿರಾಶ್ರಿತರ ಶಿಬಿರಗಳಲ್ಲಿ ಹತ್ಯೆಯಾದ ಪ್ಯಾಲೆಸ್ತೀನಿಯರ ಮಾತು ಎಲ್ಲಿದೆ?

ಸದಸ್ಯೆ, ಶಿವಮೊಗ್ಗ: ಕೊನೆ ನೋಡಿಲ್ವಾ? ಅನಿಮೇಶನ್ ನಿಂತು ನಿಜವಾದ ವಿಡಿಯೋ ಬರುತ್ತೆ. ಹೆಣಗಳ ನಡುವೆ ಹೆಂಗಸರು ಕೂಗ್ತಾ ಇರ್ತಾರೆ. ಇನ್ನು ದೂರ ನಿಂತು ನೋಡೋಕಾಗಲ್ಲ.

ಸದಸ್ಯ, ಬೆಂಗಳೂರು: ಕೊನೆಗೆ ಅಷ್ಟು ತೋರಿಸಿದರೆ ಮುಗಿಯಿತಾ?

ಸದಸ್ಯ, ಬೆಳಗಾವಿ: ಇಬ್ಬರೂ ಗಡಿ ನೋಡಿದ್ದೀರಾ? ಮನೆಯಲ್ಲಿ ಕೂತು ಮಾತಾಡೋದು ಸುಲಭ.

ಸದಸ್ಯೆ, ಶಿವಮೊಗ್ಗ: ನನ್ನ ತಮ್ಮ ಈಗಲೂ ಗಡಿಯಲ್ಲಿದ್ದಾನೆ. ಮಾತು ನೋಡಿ ಆಡಿ.

ಸದಸ್ಯ, ಧಾರವಾಡ: ಡಾಕ್ಟ್ರೇ, ಸಿನಿಮಾದಾಗ ಸೈನಿಕ ಸತ್ತರೆ ಬಿಕ್ಕಿ ಬಿಕ್ಕಿ ಅಳ್ತೀನಿ. ನಮ್ಮವ್ವ ಹೋದಾಗ ಒಂದು ಹನಿ ಬರಲಿಲ್ಲ. ಇದೂ ಅದೇ ಏನು?

ಸದಸ್ಯೆ, ಉಡುಪಿ: ಸಿನಿಮಾ ನೋಡಿದರೆ ಪಿಟಿಎಸ್‌ಡಿ ಬರುತ್ತಾ ಮೇಡಂ?

ಡಾಕ್ಟರ್: ಮೊದಲನೇ ಉತ್ತರ ಓದಿ.

ಸದಸ್ಯ, ತುಮಕೂರು: (ಫಾರ್ವರ್ಡ್) ಯುದ್ಧದ ವಿಡಿಯೋ ದಿನಾ ಪೂರ್ತಿ ಸೌಂಡಿನಲ್ಲಿ ತೋರಿಸಿ, ಹೆದರಿಕೆ ತಾನೇ ಹೋಗುತ್ತೆ. ನಿದ್ದೆ ಮಾತ್ರೆ ಇವತ್ತೇ ಬಿಡಿಸಿ.

ಡಾಕ್ಟರ್: ಇದರಿಂದ ಜೀವ ಹೋಗಬಹುದು. ಕೆಲವು ನಿದ್ದೆ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಫಿಟ್ಸ್ ಬರಬಹುದು. ಭಯವನ್ನು ಎದುರಿಸುವ ಚಿಕಿತ್ಸೆ ಇದೆ, ತರಬೇತಿ ಆದವರು ಹಂತ ಹಂತವಾಗಿ ಮಾಡುತ್ತಾರೆ, ಟಿವಿ ಮುಂದೆ ಕಟ್ಟಿಹಾಕಿ ಅಲ್ಲ. ಅಡ್ಮಿನ್, ಇದನ್ನು ಈಗಲೇ ತೆಗೆಯಿರಿ.

ಸದಸ್ಯ, ತುಮಕೂರು: ಒಳ್ಳೇದಾಗಲಿ ಅಂತ ಹಾಕಿದ್ದು. ಇಷ್ಟು ಸಿಟ್ಟು ಯಾಕೆ?

ಸದಸ್ಯೆ, ಮಡಿಕೇರಿ: ಕೋವಿ ಇದೆ ಮೇಡಂ. ಬೀಗ ಹಾಕಿದೆ. ಮೂರು ಗಂಟೆಗೇ ಎದ್ದು ಅಂಗಳದಲ್ಲಿ ಓಡಾಡ್ತಾರೆ. ನಿನ್ನೆ ರಾತ್ರಿ ಪಕ್ಕದಲ್ಲಿ ಕೂತೆ. ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದು, ತಣ್ಣಗಾಗುವ ತನಕ ಇಟ್ಟುಕೊಂಡಿದ್ದರು. ಆಮೇಲೆ ಟಿವಿ ತಾವೇ ಆರಿಸಿದರು. ಮಾತಾಡಲಿಲ್ಲ.

ಡಾಕ್ಟರ್: ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಲ್ಲಿ ಮನೋವೈದ್ಯರಿಗೆ ರೆಫರಲ್ ಬರೆಸಿಕೊಳ್ಳಿ. ಈ ವಾರವೇ. ನೀವೂ ಜೊತೆಗೆ ಹೋಗಿ, ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ತಗೊಂಡು ಹೋಗಿ.

ಸದಸ್ಯ, ಧಾರವಾಡ: ಡಾಕ್ಟ್ರೇ, ನನ್ನ ಪ್ರಶ್ನೆ ಮೇಲೆ ಐತಿ.