‘ಕ್ರೈಮಿಯಾದ ತಾತಾರರು’ ಎಂದರೆ ಸಾಕೇ? ಒಂದು ಹೆಸರು, ಒಂದು ‘ದ’ ಪ್ರತ್ಯಯ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕಳೆದ ವಾರ ನನ್ನ ಅನುವಾದವೊಂದರ ಕರಡು ತಿದ್ದುಪಡಿಗಳೊಂದಿಗೆ ಮರಳಿ ಬಂತು. 1944ರ ಮೇ 18ರಂದು ಸೋವಿಯತ್ ಸರಕಾರ ಕಪ್ಪು ಸಮುದ್ರದ ಕ್ರೈಮಿಯಾ ಪರ್ಯಾಯದ್ವೀಪದಿಂದ ಗಡೀಪಾರು ಮಾಡಿದ ಜನರ ಕುರಿತ ಲೇಖನವದು. ನಾನು ಬರೆದಿದ್ದ ‘ತಾತಾರರು’ ಎಂಬುದನ್ನು ಮೊದಲ ಎರಡು ಪುಟಗಳುದ್ದಕ್ಕೂ ಕೆಂಪು ಶಾಯಿಯಲ್ಲಿ ಹೊಡೆದು ‘ತಾರ್ತಾರರು’ ಎಂದು ಮಾಡಲಾಗಿದೆ. ಎರಡು ಕಡೆ ಅದೂ ಹೋಗಿ ‘ಮಂಗೋಲರು’ ಬಂದು ಕೂತಿದೆ. ಮೂರನೆಯ ಪುಟದಲ್ಲಿ ನಾನು ಜೋಡಿಸಿ ಬರೆದಿದ್ದ ‘ಕ್ರೈಮಿಯಾ-ತಾತಾರರು’ ಬಿಡಿಸಿಕೊಂಡು ‘ಕ್ರೈಮಿಯಾದ ತಾತಾರರು’ ಆಗಿದೆ. ಅಂಚಿನಲ್ಲಿ ‘ಹೀಗಿದ್ದರೆ ಓದಲು ಸಲೀಸು’ ಎಂಬ ಟಿಪ್ಪಣಿ. ಮೊದಲೆರಡು ತಿದ್ದುಪಡಿಗಳು ತಪ್ಪೆಂದು ಧೈರ್ಯವಾಗಿ ಹೇಳಬಲ್ಲೆ. ಮೂರನೆಯದರಲ್ಲಿ ವ್ಯಾಕರಣದ ದೋಷವೇನೂ ಇಲ್ಲ. ಆದರೂ ನನ್ನನ್ನು ನಿದ್ದೆಗೆಡಿಸಿರುವುದು ಅದೇ. ಅದಕ್ಕಾಗಿಯೇ ಈ ಪತ್ರ.

ಮೊದಲು ‘ತಾರ್ತಾರ’ದ ವಿಷಯ. ಮೂಲ ಹೆಸರಿನಲ್ಲಿ ನಡುವಿನ ಆ ‘ರ’ಕಾರ ಇಲ್ಲವೇ ಇಲ್ಲ. ಮಂಗೋಲಿಯಾದ ಓರ್ಖೋನ್ ಕಣಿವೆಯಲ್ಲಿ 732ರಲ್ಲಿ ನಿಲ್ಲಿಸಿದ ಕುಲ್ ತೆಗಿನ್ ಶಾಸನ ತುರ್ಕಿ ಕುಟುಂಬದ ಭಾಷೆಗಳ ಬರಹದ ಅತಿ ಹಳೆಯ ದಾಖಲೆಗಳಲ್ಲೊಂದು. ಹಳೆಯ ಖಾನರು ತೀರಿಕೊಂಡಾಗ ಅಳಲು ಬಂದ ನೆಂಟ ನಾಡುಗಳನ್ನು ಅದು ಹೆಸರಿಸುತ್ತದೆ: ಚೀನಾ, ಟಿಬೆಟ್, ಕಿರ್ಗಿಜರು, ಅವರ ನಡುವೆ ‘ಒತುಜ್ ತತಾರ್’, ಅಂದರೆ ಮೂವತ್ತು ತಾತಾರ ಕುಲಗಳು. ಅದರ ಪಕ್ಕದ ಬಿಲ್ಗೆ ಖಾನನ ಶಾಸನದಲ್ಲಿ ‘ತೊಕುಜ್ ತತಾರ್’, ಒಂಬತ್ತು ತಾತಾರ ಕುಲಗಳು ಬರುತ್ತವೆ. ಸಾವಿನ ಮನೆಗೆ ಬಂದವರ ಪಟ್ಟಿಯಲ್ಲಿ ಒಂದು ಜನದ ಹೆಸರು ಮೊದಲ ಬಾರಿಗೆ ಕಲ್ಲಿನ ಮೇಲೆ ಸಿಗುವುದು ನನ್ನನ್ನು ಎಂದಿನಿಂದಲೂ ತಟ್ಟಿದ ಸಂಗತಿ. ಪಾರ್ಸಿಯಲ್ಲಿಯೂ ಅದು ‘ತಾತಾರ್’. ಇಂದಿಗೂ ಆ ಜನ ತಮ್ಮನ್ನು ಕರೆದುಕೊಳ್ಳುವುದು ‘ತತಾರ್’ ಎಂದು, ಬಹುವಚನದಲ್ಲಿ ‘ತತಾರ್ಲಾರ್’ ಎಂದು. ದಂತ್ಯ ತಕಾರವೇ, ಹಾಗಾಗಿ ‘ಟಾಟರ್’ ಎಂದು ಬರೆಯುವುದೂ ಇಂಗ್ಲಿಷಿನ ಮೂಲಕ ಬಂದ ಅಡ್ಡದಾರಿ.

ನಡುವಿನ ‘ರ’ ಬಂದದ್ದು ಯೂರೋಪಿನಲ್ಲಿ. 1241ರಲ್ಲಿ ಮಂಗೋಲರ ಕುದುರೆ ದಂಡು ಪೋಲೆಂಡ್ ಮತ್ತು ಹಂಗೆರಿಗಳನ್ನು ತುಳಿದಾಗ ಅಲ್ಲಿನ ಕ್ರೈಸ್ತ ಸನ್ಯಾಸಿಗಳಿಗೆ ಈ ಹೆಸರು ಗ್ರೀಕರ ಪಾತಾಳ ‘ತಾರ್ತರಸ್’ ಅನ್ನು ನೆನಪಿಸಿತು. ನರಕದಿಂದ ಎದ್ದು ಬಂದವರು ಎಂದೇ ಇಂಗ್ಲೆಂಡಿನ ಚರಿತ್ರಕಾರ ಸನ್ಯಾಸಿ ಮ್ಯಾಥ್ಯೂ ಪ್ಯಾರಿಸ್ ಬರೆದ. ಆ ಶ್ಲೇಷೆ ಹೆಸರಾಗಿ ಗಟ್ಟಿಯಾಯಿತು, ಮುಂದೆ ನಕಾಶೆಗಳಲ್ಲಿ ಉತ್ತರ ಏಷ್ಯಾ ಇಡೀ ‘ತಾರ್ತರಿ’ ಆಯಿತು. ಇಂಗ್ಲಿಷಿನಲ್ಲಿ ಮುಂಗೋಪಿಗೂ ಅದೇ ಪದ ಸಂದಿತು. ಕನ್ನಡದಲ್ಲಿ ನಾವು ‘ತಾರ್ತಾರ’ ಎಂದು ಬರೆದಾಗ ನಮಗೆ ಗೊತ್ತಿಲ್ಲದೆಯೇ ಒಂದು ಜನವನ್ನು ನರಕಕ್ಕೆ ಕಟ್ಟಿ ಹಾಕಿದಂತಾಗುತ್ತದೆ. ಈ ‘ರ’ಕಾರವನ್ನು ಬಿಡಲು ನನಗೆ ಇಷ್ಟು ಕಾರಣ ಸಾಕು.

ಒಂದು ಗೊಂದಲವನ್ನು ಇಲ್ಲಿಯೇ ತೆಗೆದಿಡುತ್ತೇನೆ. ಹಲ್ಲಿನ ವೈದ್ಯರು ಹೇಳುವ ‘ಟಾರ್ಟರ್’, ನಮ್ಮ ಹುಣಸೆಹಣ್ಣಿಗೆ ಹುಳಿ ಕೊಡುವ ಟಾರ್ಟಾರಿಕ್ ಆಮ್ಲ, ಇವೆರಡಕ್ಕೂ ಈ ಜನರಿಗೂ ಸಂಬಂಧವಿಲ್ಲ. ಅವು ದ್ರಾಕ್ಷಾರಸದ ಪೀಪಾಯಿಯ ಒಳಗೋಡೆಗೆ ಹತ್ತುವ ಗಸಿಯ ಲ್ಯಾಟಿನ್ ಹೆಸರಿನಿಂದ ಬಂದವು. ‘ತತ್ತರಿಸು’ ಎಂಬ ನಮ್ಮ ಕ್ರಿಯಾಪದವನ್ನು ‘ತಾತಾರ’ಕ್ಕೆ ಜೋಡಿಸುವ ಒಂದು ವಾದವನ್ನೂ ಕೇಳಿದ್ದೇನೆ. ತೆಲುಗಿನಲ್ಲಿ ‘ತತ್ತರಪಡು’ ಇದೆ. ಇದು ನಮ್ಮ ಭಾಷೆಗಳ ಸ್ವಂತ ಪದ, ಯಾವ ದಂಡೂ ಹೊತ್ತು ತಂದದ್ದಲ್ಲ.

ಇನ್ನು ‘ಮಂಗೋಲರು’. ಇದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಇತಿಹಾಸದಲ್ಲಿ ಮೂಲ ತಾತಾರ ಕುಲವನ್ನು ಹೆಚ್ಚುಕಡಿಮೆ ಅಳಿಸಿ ಹಾಕಿದವರೇ ಮಂಗೋಲರು. ಚೆಂಗಿಸ್ ಖಾನನ ತಂದೆ ಯೆಸುಗೆಯಿಗೆ ವಿಷವಿಕ್ಕಿದವರು ತಾತಾರರು ಎಂದು ಮಂಗೋಲರ ನಂಬಿಕೆ. 1202ರಲ್ಲಿ ಅವರನ್ನು ಸೋಲಿಸಿದ ಮೇಲೆ, ಬಂಡಿಯ ಕಡಾಣಿಗಿಂತ ಎತ್ತರವಿರುವ ಗಂಡಸರನ್ನೆಲ್ಲ ಕೊಲ್ಲಬೇಕೆಂದು ತೀರ್ಮಾನವಾಯಿತೆಂದು ಮಂಗೋಲರ ಸ್ವಂತ ಚರಿತ್ರೆಯೇ ಹೇಳುತ್ತದೆ. ಗಾಲಿ ಕಳಚದಂತೆ ಅಚ್ಚಿಗೆ ಸಿಕ್ಕಿಸುವ ಆ ಕೀಲು ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂಬುದು ಬಂಡಿ ನೋಡಿದ ಯಾರಿಗಾದರೂ ಗೊತ್ತು. ಉಳಿದದ್ದು ಹೆಂಗಸರು ಮತ್ತು ಸಣ್ಣ ಮಕ್ಕಳು. ಆದರೆ ಹೆಸರು ಸಾಯಲಿಲ್ಲ. ಚೀನೀಯರು, ಅರಬರು, ರಷ್ಯನ್ನರು ಮಂಗೋಲರ ದಂಡನ್ನೇ ‘ತಾತಾರರು’ ಎಂದು ಕರೆದರು. ಕೊಂದವರ ಮೇಲೆ ಕೊಲೆಯಾದವರ ಹೆಸರು ಕುಳಿತಿತು. 1223ರ ಕಾಲ್ಕಾ ನದಿಯ ಕದನದಿಂದ ರಷ್ಯನ್ ವೃತ್ತಾಂತಗಳಲ್ಲಿ ಈ ಪದ ನೆಲೆಯಾಯಿತು. ದಂಡಿನೊಂದಿಗೆ ಬಂದ ಮಂಗೋಲರು ಹುಲ್ಲುಗಾವಲಿನ ತುರ್ಕಿ ಜನರಲ್ಲಿ ಬೇಗನೆ ಬೆರೆತು ಅವರ ಭಾಷೆಯನ್ನೇ ಆಡಿದರು, ಹೆಸರು ಮಾತ್ರ ಆ ಎಲ್ಲರಿಗೂ ಅಂಟಿಕೊಂಡಿತು.

ಹೊರಗಿನವರು ಇಟ್ಟ ಹೆಸರು ಹೀಗೆ ಊರೂರು ಅಲೆಯುವುದು ಕನ್ನಡಕ್ಕೆ ಹೊಸತಲ್ಲ. ‘ಯವನ’ ಅಯೋನಿಯಾದ ಗ್ರೀಕರಿಂದ ಹೊರಟು ಪಶ್ಚಿಮದಿಂದ ಬಂದ ಎಲ್ಲರನ್ನೂ ಹೊದ್ದುಕೊಂಡಿತು. ‘ತುರುಷ್ಕ’ ಒಂದು ಕುಲದ ಹೆಸರಾಗಿದ್ದದ್ದು ಒಂದು ಮತದ ಹೆಸರಾಗಿ ಬಳಕೆಯಾಯಿತು, ಅದರಿಂದ ಹುಟ್ಟಿದ ನೋವು ಇನ್ನೂ ಮಾಸಿಲ್ಲ. ‘ಪರಂಗಿ’ ಎಂಬುದು ಫ್ರಾಂಕರಿಂದ ಪೋರ್ಚುಗೀಸರಿಗೆ, ಅಲ್ಲಿಂದ ಎಲ್ಲ ಬಿಳಿಯರಿಗೆ ಹಬ್ಬಿ, ಕೊನೆಗೆ ಹಳೆ ಮೈಸೂರಿನ ಹಿತ್ತಲಲ್ಲಿ ಹಣ್ಣಾಗಿ ನಿಂತಿತು. ರಷ್ಯಾ ಸಾಮ್ರಾಜ್ಯದಲ್ಲಿ ‘ತಾತಾರ’ಕ್ಕೂ ಇದೇ ಆಯಿತು. ಇಂದಿನ ಅಜರ್‌ಬೈಜಾನಿಗಳು ಆಗ ‘ಕಾಕಸಸ್ಸಿನ ತಾತಾರರು’. ಸೈಬೀರಿಯಾದ ಖಕಾಸ್ ಜನ ‘ಮಿನುಸಿನ್ಸ್ಕ್ ತಾತಾರರು’. ಅವರ ಮೇಲಿನ ಆ ಹೆಸರು ಅಧಿಕೃತ ಬಳಕೆಯಿಂದ ಕಳಚಿಹೋಯಿತು. ಇಟ್ಟುಕೊಂಡವರು ಅದನ್ನು ತಮ್ಮದಾಗಿಸಿಕೊಂಡರು.

ಇಟ್ಟುಕೊಂಡವರ ಕಥೆಯಲ್ಲಿ ರಷ್ಯಾದ ವೋಲ್ಗಾ ನದಿಯ ದಂಡೆಯದು ದೊಡ್ಡದು. 922ರಲ್ಲಿ ಇಸ್ಲಾಮನ್ನು ಸ್ವೀಕರಿಸಿದ ಬುಲ್ಗರ್ ರಾಜ್ಯ, ನಂತರ ಮಂಗೋಲರ ಆಳ್ವಿಕೆ, ಆಮೇಲೆ ಕಜಾನ್ ಪಟ್ಟಣದ ಖಾನರು, 1552ರಲ್ಲಿ ಇವಾನ್ ದೊರೆಯ ಮುತ್ತಿಗೆ. ಆ ನಂತರವೂ ಶತಮಾನಗಳ ಕಾಲ ಅಲ್ಲಿಯ ಜನರನ್ನು ನೀವು ಯಾರೆಂದು ಕೇಳಿದರೆ ‘ಮುಸಲ್ಮಾನರು’, ‘ಕಜಾನಿನವರು’, ‘ಬುಲ್ಗರರು’ ಎನ್ನುತ್ತಿದ್ದರು. ರಷ್ಯನ್ನರ ಬಾಯಲ್ಲಿ ಬೈಗುಳದಂತೆ ಕೇಳುವ ‘ತಾತಾರ’ ಅವರಿಗೆ ಬೇಡವಾಗಿತ್ತು. ಆ ಹೆಸರನ್ನು ಎತ್ತಿ ಹಿಡಿದವರು ಕಜಾನಿನ ವಿದ್ವಾಂಸ ಶಿಹಾಬುದ್ದೀನ್ ಮರ್ಜಾನಿ (1818–1889). ನೀನು ಅರಬನಲ್ಲ, ರಷ್ಯನ್ನನಲ್ಲ, ಚೀನೀಯನಲ್ಲ, ತಾತಾರನೂ ಅಲ್ಲವೆಂದರೆ ಮತ್ತೆ ಯಾರು ಎಂಬ ಧಾಟಿಯಲ್ಲಿ ಅವರು ತಮ್ಮವರನ್ನೇ ಕೇಳಿದರು. ಬೈಗುಳವನ್ನು ಕೈಗೆತ್ತಿಕೊಂಡು ತೊಳೆದು ತನ್ನ ಹೆಸರಾಗಿ ಧರಿಸುವುದು ಸಣ್ಣ ಕೆಲಸವಲ್ಲ. 1920ರಲ್ಲಿ ಸೋವಿಯತ್ ರಷ್ಯಾದೊಳಗೆ ತಾತಾರ ಸ್ವಾಯತ್ತ ಗಣರಾಜ್ಯವಾಯಿತು. ರಷ್ಯಾದ 2010ರ ಗಣತಿಯಲ್ಲಿ ಸುಮಾರು 53 ಲಕ್ಷ ಜನ, 2021ರಲ್ಲಿ ಸುಮಾರು 47 ಲಕ್ಷ ಜನ ತಾತಾರರೆಂದು ಬರೆಸಿದ್ದಾರೆ. ಅವರೊಳಗೇ ಇರುವ ಕ್ರೈಸ್ತ ಕ್ರ್ಯಾಶೆನರು ತಮ್ಮನ್ನು ಬೇರೆಯಾಗಿ ಎಣಿಸಿ ಎನ್ನುತ್ತಾರೆ. ಅತ್ತ ಪೋಲೆಂಡ್, ಲಿಥುವೇನಿಯಾ, ಬೆಲಾರೂಸಿನಲ್ಲಿ ಆರು ನೂರು ವರ್ಷಗಳಿಂದ ಇರುವ ತಾತಾರರು ತಮ್ಮ ತುರ್ಕಿ ಮಾತನ್ನು ಎಂದೋ ಮರೆತಿದ್ದಾರೆ, ಬೆಲಾರೂಸಿ ಭಾಷೆಯನ್ನು ಅರಬಿ ಲಿಪಿಯಲ್ಲಿ ಬರೆದಿದ್ದಾರೆ. ಭಾಷೆ ಹೋದರೂ ಅವರಲ್ಲಿ ಹೆಸರು ಉಳಿದಿದೆ.

ಈಗ ನನ್ನ ‘ದ’ ಪ್ರತ್ಯಯಕ್ಕೆ ಬರುತ್ತೇನೆ.

ನಮ್ಮಲ್ಲಿ ಹೆಚ್ಚಿನವರಿಗೆ ಕ್ರೈಮಿಯಾ ಪರಿಚಯವಾದದ್ದು ಶಾಲೆಯ ಪಾಠದಲ್ಲಿ, ದೀಪ ಹಿಡಿದ ನೈಟಿಂಗೇಲಳ ಹಿಂದೆ ನಡೆಯುತ್ತಿದ್ದ ಯುದ್ಧದ ಹೆಸರಾಗಿ. ಆ ನೆಲದಲ್ಲಿ ಒಂದು ಜನ ರೂಪುಗೊಂಡಿತ್ತು. 15ನೆಯ ಶತಮಾನದಿಂದ ಗಿರಾಯ್ ವಂಶದ ಖಾನರ ಆಳ್ವಿಕೆ ಇತ್ತು. 1783ರಲ್ಲಿ ಎರಡನೆಯ ಕ್ಯಾಥರೀನ್ ಅದನ್ನು ರಷ್ಯಾಕ್ಕೆ ಸೇರಿಸಿಕೊಂಡಳು. ಅಲ್ಲಿನವರ ಭಾಷೆ ಕಜಾನಿನ ಭಾಷೆಯ ಉಪಭಾಷೆಯಲ್ಲ. ಎರಡೂ ತುರ್ಕಿ ಕುಟುಂಬದವೇ, ಆದರೆ ಕಜಾನಿನವನು ‘ನಾನು’ ಎನ್ನಲು ‘ಮಿನ್’ ಎಂದರೆ ಇವರು ‘ಮೆನ್’ ಎನ್ನುತ್ತಾರೆ. ಅಲ್ಲಿ ಹತ್ತಕ್ಕೆ ‘ಉನ್’, ಇಲ್ಲಿ ‘ಒನ್’. ದಕ್ಷಿಣ ಕರಾವಳಿಯ ಮಾತಂತೂ ಇಸ್ತಾಂಬುಲಿನ ತುರ್ಕಿಗೆ ಹತ್ತಿರ. ಗ್ರೀಕ, ಗೋಥ, ಕಿಪ್ಚಾಕ್ ಎಂದು ಆ ಪರ್ಯಾಯದ್ವೀಪದಲ್ಲಿ ಬಾಳಿದ ಹಲವರ ರಕ್ತ ಅವರಲ್ಲಿ ಸೇರಿದೆ. ಎಲ್ಲಿಂದಲೋ ಬಂದು ಕ್ರೈಮಿಯಾದಲ್ಲಿ ಬಿಡಾರ ಹೂಡಿದ ತಾತಾರರು ಎಂದು ಅವರನ್ನು ಹೇಳಲಾಗದು. ಅವರು ಒಂದು ಜನವಾಗಿ ಆದದ್ದೇ ಅಲ್ಲಿ.

1944ರ ಮೇ 18ರ ನಸುಕಿನಲ್ಲಿ ಸೈನಿಕರು ಮನೆಮನೆಯ ಬಾಗಿಲು ಬಡಿದರು. ಗಂಟು ಕಟ್ಟಲು ಕೊಟ್ಟದ್ದು ಹಲವರಿಗೆ ಕಾಲು ಗಂಟೆ. ಕೆಲವೇ ದಿನಗಳಲ್ಲಿ 1 ಲಕ್ಷ 80 ಸಾವಿರಕ್ಕೂ ಹೆಚ್ಚು ಜನರನ್ನು ಸರಕಿನ ರೈಲು ಡಬ್ಬಿಗಳಲ್ಲಿ ತುಂಬಿ ಬಹುಪಾಲನ್ನು ಉಜ್ಬೇಕಿಸ್ತಾನಕ್ಕೆ ಸಾಗಿಸಲಾಯಿತು. ಜರ್ಮನರಿಗೆ ನೆರವಾದರೆಂಬ ಆರೋಪವನ್ನು ಹಸುಗೂಸುಗಳ ಮೇಲೂ, ಕೆಂಪು ಸೇನೆಯಲ್ಲಿ ಹೋರಾಡುತ್ತಿದ್ದವರ ಮನೆಯವರ ಮೇಲೂ ಹೊರಿಸಲಾಗಿತ್ತು. ದಾರಿಯಲ್ಲೂ ಮೊದಲ ವರ್ಷಗಳ ಹಸಿವು ರೋಗಗಳಲ್ಲೂ ಸಾವಿರಾರು ಜನ ಸತ್ತರು. ಅವರ ಹಳ್ಳಿಗಳ ಹೆಸರುಗಳನ್ನು ಬದಲಿಸಲಾಯಿತು.

ಪದಗಳನ್ನು ಪ್ರೀತಿಸುವ ನಮ್ಮಂಥವರು ಗಮನಿಸಬೇಕಾದ ದಾಖಲೆ ಆಮೇಲಿನದು. 1967ರ ಸೆಪ್ಟೆಂಬರಿನಲ್ಲಿ ಸೋವಿಯತ್ ಸರಕಾರ ಆರೋಪವನ್ನು ಹಿಂತೆಗೆದುಕೊಂಡು ಒಂದು ಆಜ್ಞೆ ಹೊರಡಿಸಿತು. ಅದರಲ್ಲಿ ಇವರನ್ನು ಕರೆದದ್ದು ‘ಹಿಂದೆ ಕ್ರೈಮಿಯಾದಲ್ಲಿ ವಾಸವಾಗಿದ್ದ ತಾತಾರ ಜನಾಂಗದ ನಾಗರಿಕರು’ ಎಂದು. ಅವರೀಗ ಉಜ್ಬೇಕಿಸ್ತಾನದಲ್ಲಿ ಬೇರುಬಿಟ್ಟಿದ್ದಾರೆ ಎಂದೂ ಅದು ಹೇಳಿತು. ಕ್ಷಮೆಯ ಕಾಗದದಲ್ಲೇ ಹೆಸರನ್ನು ಎರಡು ತುಂಡು ಮಾಡಲಾಗಿತ್ತು. ಕ್ರೈಮಿಯಾ ಎಂಬುದು ಹಳೆಯ ವಿಳಾಸವಾಯಿತು, ‘ತಾತಾರ’ ಎಂಬುದು ಕಜಾನಿನವರೊಡನೆ ಹಂಚಿಕೊಂಡ ಸಾಮಾನ್ಯ ನಾಮವಾಯಿತು. ವಿಳಾಸ ಬದಲಾದವರಿಗೆ ಹಿಂದಿರುಗುವ ಹಕ್ಕೇನಿದೆ? ಅವರು ದೊಡ್ಡ ಸಂಖ್ಯೆಯಲ್ಲಿ ಹಿಂದಿರುಗತೊಡಗಿದ್ದು 1980ರ ದಶಕದ ಕೊನೆಯಲ್ಲಿ.

‘ಕ್ರೈಮಿಯಾದ ತಾತಾರರು’ ಎಂಬ ಷಷ್ಠಿಯನ್ನು ನೋಡಿದಾಗ ನನಗೆ ಆ ಆಜ್ಞೆಯ ವಾಕ್ಯವೇ ಕೇಳಿಸುತ್ತದೆ. ಕರಡು ತಿದ್ದಿದವರ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ, ನಿಜ. ಆದರೆ ಕನ್ನಡದ ಷಷ್ಠಿ ಆ ಅರ್ಥವನ್ನು ಕೊಡುತ್ತದೆ. ‘ಕೊಡಗಿನವರು’ ಎಂದರೆ ಕೊಡಗಿನಲ್ಲಿರುವ ಯಾರೂ ಆಗಬಹುದು, ಮಡಿಕೇರಿಗೆ ವರ್ಗವಾಗಿ ಬಂದ ಮೇಷ್ಟರೂ ಆಗಬಹುದು. ‘ಕೊಡವರು’ ಎಂದರೆ ಒಂದು ಜನ. ಅವರು ಬೆಂಗಳೂರಿನಲ್ಲಿದ್ದರೂ ಕೊಡವರೇ. ಈ ವ್ಯತ್ಯಾಸ ನಮ್ಮ ಕಿವಿಗೆ ಎಷ್ಟು ಸಹಜವೆಂದರೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ತಾಷ್ಕೆಂಟಿನಲ್ಲಿ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಎಂದೂ ಕಾಣದ ಕಡಲತೀರದ ಹೆಸರಿನಿಂದ ತನ್ನನ್ನು ಕರೆದುಕೊಳ್ಳುವಾಗ ಅವಳಿಗೆ ಬೇಕಾಗಿರುವುದು ‘ಕೊಡವ’ದಂಥ ಪದ. ‘ಕೊಡಗಿನ’ ಎಂಬಂಥದ್ದು ಅವಳಿಗೆ ಸಾಲದು. ಅವರಲ್ಲೇ ಹಲವರು ‘ತಾತಾರ’ವನ್ನು ಬಿಟ್ಟು ‘ಕಿರಿಮ್ಲಿ’ ಎಂಬ ಒಂದೇ ಪದವನ್ನು ಬಳಸುವುದೂ ಇದಕ್ಕೇ. ಕಿರಿಮ್ ಎಂಬುದು ಆ ನೆಲಕ್ಕೆ ಅವರ ಹೆಸರು, ‘ಲಿ’ ಎಂಬುದು ನಮ್ಮ ‘ಕನ್ನಡಿಗ’ದ ‘ಇಗ’ ಮಾಡುವ ಕೆಲಸವನ್ನು ಮಾಡುತ್ತದೆ. (ಪತ್ರಿಕೆಗಳಲ್ಲಿ ‘ಕ್ರಿಮಿಯಾ’ ಎಂದೂ ಅಚ್ಚಾಗುತ್ತದೆ. ವಿಭಕ್ತಿ ಹತ್ತಿದಾಗ ‘ಕ್ರಿಮಿಯ’ ಎಂದಾಗಿಬಿಡುವ ಅಪಾಯವಿರುವುದರಿಂದ ನಾನು ‘ಕ್ರೈ’ ಬಳಸುತ್ತೇನೆ.)

ಅವರ ಭಾಷೆಯಲ್ಲಿ ಕನ್ನಡಿಗರಿಗೆ ಗುರುತು ಸಿಗುವ ಪದಗಳು ಬಹಳ ಇವೆ. ಖಾನರ ರಾಜಧಾನಿ ಬಖ್ಚಿಸರಾಯ್, ಅಂದರೆ ಬಗೀಚೆಯ ಅರಮನೆ. ನಮ್ಮ ಉತ್ತರ ಕರ್ನಾಟಕದ ಬಗೀಚೆಯೇ ಅದು. ಎಲ್ಲಕ್ಕಿಂತ ನನ್ನನ್ನು ಕಾಡುವುದು ‘ವತನ’. ಅರಬಿಯ ಒಂದೇ ಮೂಲದಿಂದ ಬಂದ ಈ ಪದ ಕನ್ನಡದಲ್ಲಿ ಗೌಡಕಿ, ಶಾನುಭೋಗಿಕೆಗಳೊಂದಿಗೆ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುತ್ತಿದ್ದ ಭೂಮಿಯ ಹೆಸರಾಯಿತು. ಅವರಲ್ಲಿ ‘ವತನ್’ ಎಂದರೆ ತಾಯ್ನೆಲ. ಗಡೀಪಾರಿನ ಆ ದಶಕಗಳಲ್ಲಿ ಅದು ಕ್ರೈಮಿಯಾವನ್ನೇ ಸೂಚಿಸುವ ಮಾತಾಯಿತು. ಪಿತ್ರಾರ್ಜಿತ ನೆಲ ಎಂಬ ನಮ್ಮ ಅರ್ಥವನ್ನು ಇಟ್ಟುಕೊಂಡೇ ಓದಿದರೂ ಅವರ ‘ವತನ್’ ನಮಗೆ ಪೂರ್ತಿ ಅರ್ಥವಾಗುತ್ತದೆ.

ಹಾಗಾಗಿ ಬಳಗದವರಲ್ಲಿ ನನ್ನ ವಿನಂತಿ ಇಷ್ಟು. ‘ಕ್ರೈಮಿಯಾ-ತಾತಾರರು’ ಎಂದು ಅಡ್ಡಗೆರೆಯಿಟ್ಟು ಬರೆದರೆ ಸಮಾಸವಾಗಿ ಒಪ್ಪುತ್ತದೆಯೇ, ಅಥವಾ ಅರಿಸಮಾಸದ ಗೊಡವೆಯಿಲ್ಲದೆ ‘ಕ್ರೈಮಿಯಾ ತಾತಾರರು’ ಎಂದು ಬಿಡಿಯಾಗಿಯೇ ಇಟ್ಟರೂ ಒಂದೇ ಹೆಸರೆಂದು ಓದುಗರಿಗೆ ಹೊಳೆಯುತ್ತದೆಯೇ? ‘ಕಿರಿಮ್ಲಿ’ಯನ್ನು ‘ಕಿರಿಮಿಗರು’ ಎಂದು ಕನ್ನಡಿಸಿದರೆ ಹೇಗೆ ಕೇಳಿಸುತ್ತದೆ? ಭಾಷೆಯ ಹೆಸರಾಗಿ ‘ತಾತಾರಿ’ ಎನ್ನಬೇಕೋ ‘ತಾತಾರ ಭಾಷೆ’ ಎನ್ನಬೇಕೋ? ಹಳೆಯ ಪಠ್ಯಪುಸ್ತಕ ಅಥವಾ ಪತ್ರಿಕೆಗಳಲ್ಲಿ ಈ ಹೆಸರಿನ ಬೇರೆ ರೂಪಗಳನ್ನು ಕಂಡಿದ್ದರೆ ಅದನ್ನೂ ತಿಳಿಸಿ. ಶುಕ್ರವಾರ ಕರಡು ಹಿಂದಿರುಗಿಸಬೇಕು. ಮೂರನೆಯ ಪುಟದ ಆ ‘ದ’ದ ಮೇಲೆ ಸದ್ಯಕ್ಕೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿಟ್ಟಿದ್ದೇನೆ.