ಬ್ರಿಡ್ಜ್‌ನಲ್ಲಿ ಸೇಫಾಗಿ ಆಡಿ ಕಾಂಟ್ರಾಕ್ಟ್ (ಇಷ್ಟು ಸುತ್ತು ಗೆಲ್ತೀವಿ ಅಂತ ಕೂಗಿದ್ದು) ಮಾಡೋದು ಹೇಗೆ? ಅನುಭವ ಇರೋರು ಹೇಳಿ

ಗೋಣಿಕೊಪ್ಪದವ:
ಎಲ್ರಿಗೂ ನಮಸ್ಕಾರ. ಇಪ್ಪತ್ತೆಂಟು (ಇಸ್ಪೀಟ್ ಆಟ) ಆಡ್ಕೊಂಡು ಬೆಳೆದವ್ನು ನಾನು, ಈಗ ಸೋದರಮಾವ ಕ್ಲಬ್ಬಿಗೆ ಎಳ್ಕೊಂಡು ಹೋಗಿ ಬ್ರಿಡ್ಜ್ ಹತ್ತಿಸಿಬಿಟ್ಟಿದ್ದಾರೆ. ಬಿಡ್ಡಿಂಗ್ ಹೇಗೋ ಆಗುತ್ತೆ, ಮೂರು ನೋಟ್ರಂಪ್‌ವರೆಗೂ (ತುರುಪು ಇಲ್ದೆ ಒಂಬತ್ತು ಟ್ರಿಕ್, ಅಂದ್ರೆ ಒಂಬತ್ತು ಸುತ್ತು ಗೆಲ್ಲೋದು) ಸರಿಯಾಗೇ ಬರ್ತೀವಿ, ಆಮೇಲೆ ಒಂದೇ ಒಂದು ಟ್ರಿಕ್ ಕಮ್ಮಿ ಬಿದ್ದು ಹೋಗುತ್ತೆ. ಮಾವಂದು ಒಂದೇ ಮಾತು, "ಸೇಫಾಗಿ ಆಡು ಮಾರಾಯ" ಅಂತ, ಆದ್ರೆ ಸೇಫಾಗಿ ಅಂದ್ರೆ ಯಾವ ಎಲೆ ಹಾಕ್ಬೇಕು ಅಂತ ಕೇಳಿದ್ರೆ ಕಾಫಿ ಕುಡೀತಾ ಕೂತ್ಕೋತಾರೆ. ಕೈಲ್ ಪೊಳ್ದ್ ಹಬ್ಬ ಆದ್ಮೇಲೆ ಟೀಮ್ ಮ್ಯಾಚ್ ಇದೆ, ಯಾರಾದ್ರೂ ಬಿಡಿಸಿ ಹೇಳಿ.

ತೋಟದ ಮನೆ:
ಮೊದಲು ಲೆಕ್ಕ. ಡಮ್ಮಿ (ಜೊತೆಗಾರ ತೆರೆದಿಡೋ ಕೈ) ಕೆಳಗಿಟ್ಟ ಕೂಡ್ಲೇ ಎಲೆ ಎಳೀಬೇಡಿ, ಗ್ಯಾರಂಟಿ ಟ್ರಿಕ್ ಎಷ್ಟಿದೆ, ಇನ್ನೆಷ್ಟು ಬೇಕು ಅಂತ ಎಣಿಸಿ, ಎದುರಿನವ್ರು ಗೊಣಗಿದ್ರೆ ಗೊಣಗ್ಲಿ. ಸೇಫ್ ಆಟ ಅನ್ನೋದು ಶುರುವಾಗೋದೇ ಈ "ಎಷ್ಟು ಬೇಕು" ಅನ್ನೋದ್ರಿಂದ.

ಒಂದು ಕೈ ಹೇಳ್ತೀನಿ, ಎಲೆ ತಗೊಂಡು ಟೇಬಲ್ ಮೇಲೆ ಹರಡಿ ನೋಡಿ. ಮೂರು ನೋಟ್ರಂಪ್, ಬೇರೆ ಕಡೆ ಆರು ಟ್ರಿಕ್ ಇದೆ, ಡೈಮಂಡಲ್ಲಿ ಮೂರು ಬಂದ್ರೆ ಮುಗೀತು. ಡಮ್ಮೀಲಿ ಡೈಮಂಡ್ ಎಕ್ಕ, ಗುಲಾಮ, ಎರಡು ಸಣ್ಣೆಲೆ. ನಿಮ್ಮ ಕೈಲಿ ರಾಜ, ಒಂಬತ್ತು, ಎರಡು ಸಣ್ಣೆಲೆ. ಹೊರಗಿರೋದು ರಾಣಿ, ಹತ್ತು ಸೇರಿ ಐದೆಲೆ. ಎಲ್ರೂ ಮಾಡೋದೇನು, ರಾಜ ಹೊಡೆದು ಗುಲಾಮನ ಕಡೆ ಫಿನೆಸ್ (ರಾಣಿ ಎಡಗಡೆಯವ್ನ ಹತ್ರ ಇದೆ ಅಂತ ನಂಬಿ ಗುಲಾಮ ಹಾಕೋದು), ನಾಲ್ಕು ಟ್ರಿಕ್ಕಿನ ಆಸೆ. ಬಲಗಡೆಯವ್ನ ಕೈಲಿ ರಾಣಿ ಹತ್ತು ಸೇರಿ ನಾಲ್ಕು ಕೂತಿದ್ರೆ ಎರಡೇ ಟ್ರಿಕ್ಕು, ಕಾಂಟ್ರಾಕ್ಟ್ ಹೋಯ್ತು.

ಮೂರೇ ಸಾಕು ಅಂದ್ಕೊಂಡ್ರೆ ಆಟ ಬೇರೆ. ಡಮ್ಮಿ ಎಕ್ಕ ಹೊಡೀರಿ, ಆಮೇಲೆ ಡಮ್ಮಿಯಿಂದಲೇ ಸಣ್ಣೆಲೆ. ಬಲಗಡೆಯವ್ನು ಸಣ್ಣದು ಹಾಕಿದ್ರೆ ನೀವು ಒಂಬತ್ತು ಹಾಕಿ. ಎಡಗಡೆಯವ್ನು ಅದನ್ನ ಹೊಡೆದ್ರೆ ಹೊಡೀಲಿ, ಇಬ್ರೂ ಎರಡೆರಡು ಸಲ ಹಾಕಿ ಆಯ್ತು, ಹೊರಗೆ ಉಳಿದಿರೋದು ಒಂದೇ ಎಲೆ, ರಾಜನಿಗೆ ಅದೂ ಬಿದ್ದುಹೋಗುತ್ತೆ. ಬಲಗಡೆಯವ್ನು ಹತ್ತೋ ರಾಣಿನೋ ಹಾಕಿದ್ರೆ ರಾಜನಿಂದ ಹೊಡೀರಿ, ಗುಲಾಮ ಒಂಬತ್ತು ಸೇರಿ ಇನ್ನೊಂದು ಬಂದೇ ಬರುತ್ತೆ. ಅವ್ನ ಹತ್ರ ಡೈಮಂಡೇ ಇಲ್ಲ ಅಂದ್ರೆ ರಾಜ ಹಾಕಿ ತಿರುಗಿ ಗುಲಾಮನ ಕಡೆ ಸಣ್ಣೆಲೆ ಆಡಿ. ಐದೆಲೆ ಹೇಗೇ ಹಂಚಿ ಬಿದ್ದಿರ್ಲಿ ಮೂರು ಟ್ರಿಕ್ ನಿಮ್ದು. ನಾಲ್ಕನೇದು ಕೆಲವು ಸಲ ಕೈಬಿಡುತ್ತೆ, ಅದೇ ಇದಕ್ಕೆ ಕಟ್ಟೋ ಇನ್ಶೂರೆನ್ಸ್ ಕಂತು.

ಬೆಲೆ ಸರೀನಾ ನೋಡಿ: ಟೀಮ್ ಆಟದಲ್ಲಿ ಒಂದು ಓವರ್‌ಟ್ರಿಕ್ (ಬೇಕಾದ್ದಕ್ಕಿಂತ ಹೆಚ್ಚಿನದು) 30 ಪಾಯಿಂಟ್, ಅಂದ್ರೆ ಟೀಮ್ ಲೆಕ್ಕದ 1 ಇಂಪ್ ಅಂಕ. ವಲ್ನರಬಲ್ (ಗೆದ್ರೆ ಬೋನಸ್, ಸೋತ್ರೆ ದಂಡ ಜಾಸ್ತಿ ಇರೋ ಸರದಿ) ಇದ್ದಾಗ, ಇದೇ ಎಲೆಗಳನ್ನ ಆಡೋ ಪಕ್ಕದ ರೂಮಲ್ಲಿ ಅದೇ ಮೂರು ನೋಟ್ರಂಪ್ ಮಾಡಿ 600 ತಗೊಂಡು ಇಲ್ಲಿ ನೀವು ಒಂದು ಡೌನ್ (ಒಂದು ಟ್ರಿಕ್ ಕಮ್ಮಿ, 100 ದಂಡ) ಆದ್ರೆ 700 ವ್ಯತ್ಯಾಸ, 12 ಇಂಪ್ ಹೋಯ್ತು. 1ಕ್ಕೋಸ್ಕರ 12 ಪಣಕ್ಕಿಡೋದಾ?

ರೊಬಸ್ಟಾ:
ಟೀಮ್‌ಗೆ ಇದೆಲ್ಲ ಸರಿ ಅಣ್ಣ, ಆದ್ರೆ ಕ್ಲಬ್ಬಲ್ಲಿ ವಾರದ ಆಟ ಪೇರ್ಸ್ (ಇದೇ ಎಲೆ ಆಡಿದ ಎಲ್ಲಾ ಜೋಡಿಗಳ ಜೊತೆ ಹೋಲಿಸೋದು) ಅಲ್ವಾ, ಅಲ್ಲಿ ಎಲ್ಲಾ ಟೇಬಲಲ್ಲೂ ಮೂರು ನೋಟ್ರಂಪ್ ಆಗಿ ಅವ್ರೆಲ್ಲ 630 ಬರ್ಕೊಂಡು ನೀವೊಬ್ರೇ 600 ಬರ್ಕೊಂಡ್ರೆ ಕಾಂಟ್ರಾಕ್ಟ್ ಮಾಡಿದ್ರೂ ಬಾಟಮ್ಮೇ, ಅಂದ್ರೆ ಕೊನೇ ಸ್ಥಾನ. ಐದೆಲೆ ಹೊರಗಿದ್ರೆ 3-2 ಆಗಿ ಒಡೆಯೋದು 68 ಪರ್ಸೆಂಟ್, 4-1 ಬರೀ 28. ಆ 28ಕ್ಕೆ ಹೆದರಿ ದಿನಾ ಕಂತು ಕಟ್ಟಿದ್ರೆ ಪೇರ್ಸ್ ಗೆಲ್ಲೋಕಾಗಲ್ಲ. ಬೇರೆಯವ್ರು ಬರದೇ ಇರೋ ಕಾಂಟ್ರಾಕ್ಟಿಗೆ ಬಂದಿದ್ರೆ, ಇಲ್ಲಾ ಡಬಲ್ ಬಿದ್ದಿದ್ರೆ (ಎದುರಾಳಿ ಪಣ ಏರಿಸಿದ್ರೆ), ಆಗ ಮಾತ್ರ ಸೇಫ್. (2018ರಲ್ಲಿ ಜಕಾರ್ತ ಏಷ್ಯನ್ ಗೇಮ್ಸಲ್ಲಿ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಚಿನ್ನ ತಂದಿದ್ದೂ ಪುರುಷರ ಪೇರ್ಸಲ್ಲೇ. ಆಗ ಇಲ್ಲಿ ಕೊಡಗಲ್ಲಿ ಗುಡ್ಡ ಕುಸಿದು ಯಾರಿಗೂ ಕಾರ್ಡ್ಸ್ ಗ್ಯಾನವೇ ಇರ್ಲಿಲ್ಲ, ನಂಗೆ ಎಷ್ಟೋ ದಿನ ಬಿಟ್ಟು ಗೊತ್ತಾಗಿದ್ದು.)

ಪೊಲ್ಲಿಬೆಟ್ಟದ ಆಂಟಿ:
ಮಗಾ, ನೀನು ಇಪ್ಪತ್ತೆಂಟಿಂದ ಬಂದವ್ನು ಅಂದ್ಯಲ್ಲ, ಅಲ್ಲಿನ ಚಟ ಒಂದು ಬಿಡ್ಬೇಕು, ಸಿಕ್ಕಿದ ಟ್ರಿಕ್ಕನ್ನ ಬಾಚ್ಕೊಳ್ಳೋದು. ನೋಟ್ರಂಪಲ್ಲಿ ಅವ್ರು ಉದ್ದದ ಸೂಟ್ (ಒಂದೇ ಜಾತಿ ಎಲೆ) ಎತ್ತಿದಾಗ ನಿನ್ನ ಹತ್ರ ಎಕ್ಕ ಒಂದೇ ತಡೆ ಅಂದ್ರೆ ತಕ್ಷಣ ಹೊಡೀಬೇಡ. ಏಳರಿಂದ, ನಿಂದೂ ಡಮ್ಮೀದೂ ಸೇರಿ ಆ ಸೂಟಲ್ಲಿ ಎಷ್ಟೆಲೆ ಇದೆಯೋ ಅಷ್ಟು ಕಳಿ, ಉಳಿದಷ್ಟು ಸಲ ಬಿಟ್ಟುಕೊಡು. ನಿನ್ನ ಕೈಲಿ ಮೂರು ಡಮ್ಮೀಲಿ ಎರಡು ಅಂದ್ರೆ ಐದು, ಎರಡು ಸಲ ಬಿಡು, ಮೂರನೇ ಸಲ ಹೊಡಿ. ಸಾಮಾನ್ಯವಾಗಿ ಅಷ್ಟೊತ್ತಿಗೆ ಒಬ್ಬನ ಹತ್ರ ಆ ಸೂಟ್ ಖಾಲಿ ಆಗಿರುತ್ತೆ, ಇನ್ನು ಟ್ರಿಕ್ ಕಳ್ಕೊಳ್ಳಲೇಬೇಕಿದ್ರೆ ಆ ಖಾಲಿಯವ್ನಿಗೇ ಕೊಡು. ಫಿನೆಸ್ ಕೂಡ ಹಾಗೇ, ಸೋತ್ರೂ ಅವ್ನ ಕೈಗೇ ಹೋಗೋ ದಿಕ್ಕಲ್ಲಿ ಮಾಡು.

ಇನ್ನೊಂದು. ಡಮ್ಮೀಲಿ ಎಕ್ಕ ರಾಜ ಸೇರಿ ಆರೆಲೆ, ಉಳಿದ ನಾಲ್ಕು ಸಣ್ಣದೇ, ನಿನ್ನ ಕೈಲಿ ಎರಡು ಸಣ್ಣೆಲೆ, ಡಮ್ಮಿಗೆ ಹೋಗೋಕೆ ಬೇರೆ ಎಂಟ್ರಿ (ಅಲ್ಲಿ ಗೆಲ್ಲೋ ಎಲೆ) ಇಲ್ಲ. ಎಕ್ಕ ರಾಜ ಟಪಟಪ ಹೊಡೆದ್ರೆ ಸೂಟ್ ಒಡೆದಿದ್ರೂ ಡಮ್ಮಿಗೆ ವಾಪಸ್ ಹೋಗೋ ದಾರಿ ಇಲ್ಲ. ಮೊದಲ ಸಲ ಎರಡೂ ಕಡೆಯಿಂದ ಸಣ್ಣದು ಹಾಕಿ ಬಿಟ್ಟುಕೊಡು, ಆಮೇಲೆ ಉಳಿದಿರೋ ಸಣ್ಣೆಲೆ ಹಿಡ್ಕೊಂಡು ಹೋಗು, 3-2 ಇದ್ರೆ ಐದು ಟ್ರಿಕ್ ಸಾಲಾಗಿ ಬರುತ್ತೆ.

ಕಕ್ಕಡ ಮಳೆ:
ಬಿಬಿಒ ಅನ್ನೋ ಆನ್‌ಲೈನ್ ಬ್ರಿಡ್ಜ್ ಸೈಟಲ್ಲಿ ರೋಬೋ ಜೊತೆ ಆಡಿ ಅಭ್ಯಾಸ ಮಾಡಿ ಅನ್ನೋಣ ಅಂತಿದ್ದೆ, ನಮ್ಮಲ್ಲಿ ಕರೆಂಟ್ ಹೋಗಿ ಎರಡು ದಿನ ಆಯ್ತು, ಟವರೂ ಇಲ್ಲ, ಇದನ್ನ ಕುಶಾಲನಗರಕ್ಕೆ ಬಂದು ಟೈಪ್ ಮಾಡ್ತಿದೀನಿ. ಇಸ್ಪೀಟ್ ಪ್ಯಾಕ್ ಮನೇಲಿ ಇರುತ್ತಲ್ಲ, ಆಂಟಿ ಹೇಳಿದ ಕೈನ ಅದ್ರಲ್ಲೇ ಹಂಚಿ ನೋಡಿ.

ಗೋಣಿಕೊಪ್ಪದವ:
ಎಲ್ರಿಗೂ ಥ್ಯಾಂಕ್ಸ್. ಡೈಮಂಡ್ ಕೈ ಹರಡಿ ನೋಡ್ದೆ ಅಣ್ಣ, ಎಲ್ಲಿಟ್ರೂ ಮೂರು ಬರ್ತಾ ಇದೆ! ಒಂದು ಡೌಟು, ನೋಟ್ರಂಪ್ ಬದ್ಲು ನಾಲ್ಕು ಸ್ಪೇಡ್ (ಸ್ಪೇಡೇ ಟ್ರಂಪ್) ಆಡ್ತಿದ್ದು ಇದೇ ಡೈಮಂಡ್ ಇದ್ರೆ?

ತೋಟದ ಮನೆ:
ಆಗ ಮೊದಲು ಟ್ರಂಪ್ ಎಳೀರಿ. ಅವ್ರ ಹತ್ರ ಟ್ರಂಪ್ ಬಿಟ್ಟು ಡೈಮಂಡಲ್ಲಿ ಆಟ ಆಡ್ತಾ ಕೂತ್ರೆ 4-1 ಇದ್ದಾಗ ಒಂದೆಲೆ ಇದ್ದವ್ನು ಎರಡನೇ ಸಲಕ್ಕೇ ರಫ್ ಮಾಡ್ತಾನೆ (ಟ್ರಂಪಿಂದ ಹೊಡೀತಾನೆ), ಗ್ಯಾರಂಟಿ ಅಂದಿದ್ದು ಅಲ್ಲಿಗೆ ಕೆಟ್ಟಿತು. ಟ್ರಂಪ್ ಎಳೆದಾದ್ಮೇಲೆ ಎರಡೂ ಕೈಗೆ ಹೋಗಿಬರೋ ಎಂಟ್ರಿ ಉಳಿದಿದ್ರೆ ಅದೇ ಆಟ.